ಶಾಲು ಹೊದಿಸಿದ್ದು ಹಾಡಿಗಲ್ಲ

ನಿನ್ನೆ ಸಂಜೆ ನಮ್ಮ ದಾವಣಗೆರೆಯಲ್ಲಿ ನಡೆದ ಸನ್ಮಾನ ಸಮಾರಂಭವೊಂದರಿಂದ ಅರ್ಧಕ್ಕೇ ಎದ್ದು ಬಂದೆ. ಯಾರಿಗೆ ಸನ್ಮಾನ, ಯಾವ ಸಂಸ್ಥೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಊರಿನ ಗೆಳೆಯರಿಗೆ ಗೊತ್ತಾಗುತ್ತದೆ; ಗೊತ್ತಾಗದವರಿಗೆ ಹೆಸರು ತಿಳಿದು ಆಗಬೇಕಾದ್ದೂ ಏನಿಲ್ಲ. ನನ್ನನ್ನು ರಾತ್ರಿಯಿಡೀ ಮಲಗಗೊಡದಿದ್ದುದು ನಿರೂಪಕರು ಆಡಿದ ಒಂದು ಮಾತು. ಅಭಿನಂದನಾ ಪತ್ರ ಓದುವುದಕ್ಕೆ ಮುಂಚೆ ಅವರು, "ಕೆಲವರು ಏನೇನೋ ಹೇಳುತ್ತಾರೆ, ನಾವು ಕಲೆಯನ್ನು ಕಲಾವಿದರ ಖಾಸಗಿ ಬದುಕಿನಿಂದ ಬೇರ್ಪಡಿಸಿ ನೋಡಬೇಕು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿ ಕುಳಿತಿದ್ದ, ನಾನು ಬಹಳ ಗೌರವಿಸುವ ಹಿರಿಯರೊಬ್ಬರೂ ತಟ್ಟಿದರು.

ಆಮೇಲೆ ಸನ್ಮಾನಿತರಾದ ಸಂಗೀತದ ಮೇಷ್ಟ್ರಿಗೆ ಮೈಸೂರು ಪೇಟ ತೊಡಿಸಿದರು. ಜರಿಯಂಚಿನ ಶಾಲನ್ನು ಇಬ್ಬರು ಎರಡು ಕಡೆ ಹಿಡಿದು ಬಿಡಿಸಿ ಅವರ ಭುಜಕ್ಕೆ ಹೊದಿಸಿದರು. ಒಂದು ಸೆರಗು ಜಾರಿದಾಗ ಮೂರನೆಯವರೊಬ್ಬರು ಓಡಿ ಬಂದು ಸರಿಪಡಿಸಿದರು. ಗಂಧದ ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಒಂದು ಲಕೋಟೆ. ಕೊನೆಗೆ ಎಂಟನೆಯ ತರಗತಿಯವಳಿರಬಹುದಾದ ಹುಡುಗಿಯೊಬ್ಬಳನ್ನು ವೇದಿಕೆಗೆ ಕರೆಸಿ ಅವರ ಕಾಲಿಗೆ ನಮಸ್ಕಾರ ಮಾಡಿಸಿದರು. ಅಲ್ಲಿಗೆ ನನ್ನಿಂದ ಕೂರಲಾಗಲಿಲ್ಲ.

ಬೇರ್ಪಡಿಸಿದ್ದು ಎಲ್ಲಿ ಎಂದು ಕೇಳುತ್ತೇನೆ. ಶಾಲು ಹೊದಿಸಿದ್ದು ರಾಗಕ್ಕಲ್ಲ, ಒಬ್ಬ ಮನುಷ್ಯನ ಭುಜಕ್ಕೆ. ಲಕೋಟೆಯನ್ನು ಕೊಟ್ಟದ್ದು ಸ್ವರಕ್ಕಲ್ಲ, ಕೈಗೆ. ಆ ಮಗು ಹಣೆ ಮುಟ್ಟಿಸಿದ್ದು ಹಾಡಿಗಲ್ಲ, ಎರಡು ಪಾದಗಳಿಗೆ. ಕಲೆಯನ್ನು ಕಲಾವಿದನಿಂದ ಬೇರೆ ಮಾಡಬೇಕೆಂದು ಹೇಳಿದವರೇ ಐದು ನಿಮಿಷದೊಳಗೆ ಎರಡನ್ನೂ ಒಂದೇ ಶಾಲಿನಲ್ಲಿ ಸುತ್ತಿ ನಮ್ಮ ಮುಂದೆ ಕೂರಿಸಿದರು. ಅವರ ಮಾತನ್ನು ನಾನು ಒಪ್ಪಲು ಸಿದ್ಧಳಿದ್ದೇನೆ. ನಿಜವಾಗಿಯೂ ಬೇರ್ಪಡಿಸೋಣ. ಮೇಷ್ಟ್ರು ಸ್ವರ ಹಾಕಿದ ಗೀತೆಗಳನ್ನು ಬೇರೆಯವರು ಹಾಡಲಿ, ಮಕ್ಕಳು ಕಲಿಯಲಿ, ಮನೆಯಲ್ಲಿ ಹಳೆಯ ಕ್ಯಾಸೆಟ್ ಉಳಿಸಿಕೊಂಡವರು ಕೇಳಲಿ. ಮನುಷ್ಯನನ್ನು ಮಾತ್ರ ವೇದಿಕೆಯ ಕೆಳಗೆ ಬಿಡೋಣ.

ನನ್ನ ಹಿನ್ನೆಲೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಪಿಯುಸಿ ಓದುತ್ತಿದ್ದಾಗ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದ 1996ರಲ್ಲಿ, ನಾನು ಮತ್ತು ನನ್ನ ಗೆಳತಿ ಇದೇ ಮೇಷ್ಟ್ರ ಮನೆಗೆ ಸುಗಮ ಸಂಗೀತ ಕಲಿಯಲು ಹೋಗುತ್ತಿದ್ದೆವು. ಮಹಡಿಯ ಮೇಲಿನ ಹಾಲ್‌ನಲ್ಲಿ ಜಮಖಾನ ಹಾಸಿರುತ್ತಿತ್ತು. ನಮ್ಮ ತಂಡದಲ್ಲಿ ಒಳ್ಳೆಯ ಕಂಠವಿದ್ದದ್ದು ಅವಳಿಗೆ. ಹಾಗಾಗಿ ಅವಳ ಜಾಗ ಹಾರ್ಮೋನಿಯಂ ಎದುರಿಗೇ. ಕೆಲವು ತಿಂಗಳ ನಂತರ ಅವಳು ಹಿಂದೆ ಸರಿದು ಬಾಗಿಲ ಬಳಿ, ಚಪ್ಪಲಿ ಕೈಗೆ ಸಿಗುವಷ್ಟು ಹತ್ತಿರ ಕೂರತೊಡಗಿದಳು. ಸೆಕೆ ಎಂದು ನಾನಂದುಕೊಂಡಿದ್ದೆ. ಎಲ್ಲರೂ ಹೋದ ಮೇಲೆ ಅವಳೊಬ್ಬಳನ್ನೇ ಉಳಿಸಿಕೊಂಡು ಶ್ರುತಿ ತಿದ್ದುವ ನೆಪದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಅವಳು ಒಂದು ದಿನ ಜಯದೇವ ವೃತ್ತದಿಂದ ಮನೆಗೆ ನಡೆದು ಬರುವ ದಾರಿಯಲ್ಲಿ ಹೇಳಿದಳು. ಅಳಲಿಲ್ಲ. ನೆಲ ನೋಡಿಕೊಂಡು ಹೇಳಿದಳು.

ಈಗ ನಾನು ಬರೆಯಬೇಕಾದದ್ದು ಇಷ್ಟು ವರ್ಷ ಯಾರಿಗೂ ಹೇಳದ ಮಾತು. ಆ ದಿನ ನಾನು ಅವಳಿಗೆ, "ಹೋಗ್ಲಿ ಬಿಡೇ, ಅವರ ವಿದ್ಯೆ ಅಷ್ಟೇ ತಗೊಳ್ಳೋಣ, ಅವರ ಗುಣ ಕಟ್ಟಿಕೊಂಡು ನಮಗೇನು" ಎಂದಿದ್ದೆ. ನಿನ್ನೆಯ ನಿರೂಪಕರ ಮಾತಿಗೂ ನನ್ನ ಮಾತಿಗೂ ಏನು ವ್ಯತ್ಯಾಸ? ಅವಳು ಅದರ ಮುಂದಿನ ವಾರದಿಂದ ಬರಲಿಲ್ಲ. ನಾನು ಇನ್ನೂ ಎರಡು ವರ್ಷ ಹೋದೆ. ಅವಳು ಹಾಡಬೇಕಾಗಿದ್ದ ಗೀತೆಗಳನ್ನು ನಾನು ಹಾಡಿದೆ, ಬಹುಮಾನ ತೆಗೆದುಕೊಂಡೆ. ವಿದ್ಯೆಯನ್ನು ಬೇರೆ ಮಾಡಿ ತೆಗೆದುಕೊಂಡದ್ದು ನಾನು. ಅದರ ಬೆಲೆ ಕೊಟ್ಟದ್ದು ಅವಳು.

ಅವಳು ಪಾಠ ಬಿಟ್ಟದ್ದು 1997ರ ಆಗಸ್ಟ್‌ನಲ್ಲಿ. ಆ ತಿಂಗಳ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು, ಊರಿಗೆ ಊರೇ ಸಂಭ್ರಮದಲ್ಲಿತ್ತು. ಅದಕ್ಕೆ ಎರಡು ದಿನ ಮೊದಲು, 13ರಂದು, ಸುಪ್ರೀಂ ಕೋರ್ಟ್ ವಿಶಾಖಾ ಪ್ರಕರಣದಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿಗಳನ್ನು ಕೊಟ್ಟಿತ್ತು. ಹದಿನೆಂಟು ವರ್ಷದ ನಮಗೆ ಅದರ ಸುಳಿವೂ ಇರಲಿಲ್ಲ. ಕಾಯ್ದೆಯೆಂಬುದು ಬಂದದ್ದು 2013ರಲ್ಲಿ. ಅದರಲ್ಲೂ ದೂರು ಕೊಡಲು ಮೂರು ತಿಂಗಳ ಗಡುವು, ಸಮಿತಿ ಒಪ್ಪಿದರೆ ಇನ್ನೂ ಮೂರು ತಿಂಗಳು. ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಕಡೆಯ ದೂರುಗಳಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇರಬೇಕು ಎನ್ನುತ್ತದೆ ಕಾನೂನು. ಮನೆಯ ಮಹಡಿಯಲ್ಲಿ ಪಾಠಕ್ಕೆ ಕೂತ ಹುಡುಗಿಗೆ ಅಂಥದ್ದೊಂದು ಸಮಿತಿ ಇದೆಯೆಂದು ಹೇಳುವವರು ಯಾರು?

ಅವಳು ಬಹಿರಂಗವಾಗಿ ಬಾಯಿ ಬಿಟ್ಟದ್ದು 2018ರ ಅಕ್ಟೋಬರ್‌ನಲ್ಲಿ, ದೇಶದ ತುಂಬ ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಮಾತನಾಡುತ್ತಿದ್ದ ದಿನಗಳಲ್ಲಿ. ಜಾಲತಾಣದ ತನ್ನ ಗೋಡೆಯ ಮೇಲೆ ತನ್ನ ಹೆಸರಿನಲ್ಲೇ ಬರೆದಳು. ಒಂದೆರಡು ಸಂಘದವರು ಮೇಷ್ಟ್ರನ್ನು ಕರೆಯುವುದನ್ನು ಬಿಟ್ಟರು. ಅದೇ ಸಮಯದಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿ ತನ್ನ ಡಿಸೆಂಬರ್ ಕಛೇರಿಗಳ ಪಟ್ಟಿಯಿಂದ ಆರೋಪಕ್ಕೊಳಗಾದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತ್ತು. ಅದರಿಂದ ಕರ್ನಾಟಕ ಸಂಗೀತ ಮುಳುಗಿ ಹೋಗಲಿಲ್ಲ. ಆದರೆ ನಮ್ಮೂರಿನ ನೆನಪು ಗಿಡ್ಡ. ಏಳು ವರ್ಷ ಕಳೆಯಿತು, ಶಾಲು ಬಂತು.

ಆರೋಪ ಸಾಬೀತಾಗಿಲ್ಲವಲ್ಲ ಎನ್ನುವವರಿದ್ದಾರೆ. ಸುಳ್ಳು ಆರೋಪಗಳೂ ಇರುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸಬೇಕಾದರೆ ನ್ಯಾಯಾಲಯವೇ ಬೇಕು, ಸಾಕ್ಷ್ಯವೇ ಬೇಕು. ಆದರೆ ಸನ್ಮಾನ ಯಾರ ಹಕ್ಕೂ ಅಲ್ಲ. ಅದನ್ನು ಕೊಡದೆ ಇರುವುದಕ್ಕೆ ಯಾವ ನ್ಯಾಯಾಧೀಶರ ಸಹಿಯೂ ಬೇಕಾಗಿಲ್ಲ. ಹೆಣ್ಣು ಕೊಡುವಾಗ, ಬಾಡಿಗೆಗೆ ಮನೆ ಕೊಡುವಾಗ, ಅಡಿಕೆ ಮಂಡಿಯಲ್ಲಿ ಉದ್ದರಿ ಕೊಡುವಾಗ ನಾಲ್ಕು ಜನರನ್ನು ವಿಚಾರಿಸುವ ನಾವು, ಮಕ್ಕಳನ್ನು ಒಬ್ಬರ ಪಾದಕ್ಕೆ ಬಾಗಿಸುವಾಗ ಮಾತ್ರ ಕೋರ್ಟಿನ ತೀರ್ಪು ತೋರಿಸಿ ಎನ್ನುತ್ತೇವೆ. ಇಪ್ಪತ್ತು ವರ್ಷ ಏಕೆ ಸುಮ್ಮನಿದ್ದಳು ಎಂದು ಕೇಳಿದವರಿಗೂ ಉತ್ತರವಿದೆ. ಲೈಂಗಿಕ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಣಿ ಅವರ ಮೇಲೆ, ಆರೋಪಕ್ಕೊಳಗಾದ ಮಾಜಿ ಕೇಂದ್ರ ಸಚಿವರು ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ, 2021ರ ಫೆಬ್ರವರಿಯಲ್ಲಿ ಅವರನ್ನು ಖುಲಾಸೆಗೊಳಿಸಿದ ದೆಹಲಿಯ ನ್ಯಾಯಾಲಯ, ಹೆಣ್ಣು ತನ್ನ ನೋವನ್ನು ದಶಕಗಳ ನಂತರವೂ ತಾನು ಆಯ್ದುಕೊಂಡ ವೇದಿಕೆಯಲ್ಲಿ ಹೇಳಿಕೊಳ್ಳಬಹುದು ಎಂದಿತು. ಎಲ್ಲ ಪ್ರಕ್ರಿಯೆಯೂ ಮುಗಿಯಲಿ ಎಂದು ಕಾಯುವವರು ಕೇರಳವನ್ನು ನೋಡಲಿ: ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ಸರ್ಕಾರದ ಕೈ ಸೇರಿದ್ದು 2019ರ ಡಿಸೆಂಬರ್‌ನಲ್ಲಿ, ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ, ಅದೂ ಕೆಲವು ಭಾಗಗಳನ್ನು ತೆಗೆದು.

ದೊಡ್ಡ ಕವಿಗಳ ಉದಾಹರಣೆ ಕೊಟ್ಟು ನನ್ನ ಬಾಯಿ ಮುಚ್ಚಿಸಲು ನೋಡಿದವರೂ ನಿನ್ನೆ ಇದ್ದರು. ಹಾಗಾದರೆ ಚಿಲಿಯ ಪಾಬ್ಲೊ ನೆರೂಡರ ವಿಷಯವನ್ನೇ ತೆಗೆದುಕೊಳ್ಳೋಣ. 1971ರಲ್ಲಿ ನೊಬೆಲ್ ಪಡೆದ ಈ ಕವಿ, ಸಿಲೋನ್‌ನಲ್ಲಿ (ಇಂದಿನ ಶ್ರೀಲಂಕಾ) ತಮ್ಮ ದೇಶದ ಕಾನ್ಸಲ್ ಆಗಿದ್ದಾಗ ಶೌಚ ಎತ್ತಲು ಬರುತ್ತಿದ್ದ ತಮಿಳು ಹೆಣ್ಣುಮಗಳೊಬ್ಬಳ ಮೇಲೆ ಎಸಗಿದ ಅತ್ಯಾಚಾರವನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. 2018ರಲ್ಲಿ ಸ್ಯಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಡುವ ಪ್ರಸ್ತಾಪ ಬಂದಾಗ ಚಿಲಿಯ ಹೆಣ್ಣುಮಕ್ಕಳು ವಿರೋಧಿಸಿದರು. ನೆರೂಡರ ಕವಿತೆಗಳು ಅಂಗಡಿಯಲ್ಲಿವೆ, ಮನೆಗಳಲ್ಲಿವೆ, ನನ್ನ ಮೇಜಿನ ಮೇಲೂ ಇವೆ. ಆ ಹೆಣ್ಣುಮಕ್ಕಳು ಕೇಳಿದ್ದು ಹೆಸರಿನ ಹಲಗೆ ಬೇಡ ಎಂದು. ಓದುವುದು ಬೇರೆ, ಮೆರೆಸುವುದು ಬೇರೆ. ಇನ್ನೊಂದು ವ್ಯತ್ಯಾಸವೂ ಇದೆ: ನೆರೂಡ 1973ರಲ್ಲೇ ತೀರಿಕೊಂಡರು. ನಮ್ಮ ಮೇಷ್ಟ್ರು ಬದುಕಿದ್ದಾರೆ, ಪಾಠ ಹೇಳುತ್ತಿದ್ದಾರೆ.

ಈ ಬೇರ್ಪಡಿಸುವ ಔದಾರ್ಯ ನಮ್ಮ ನಾಡಿನಲ್ಲಿ ಹೆಣ್ಣಿಗೆ ಯಾವತ್ತಾದರೂ ಸಿಕ್ಕಿತೇ? ಚಿಂದೋಡಿ ಲೀಲಾ ಅವರಂತಹ ಹೆಣ್ಣುಮಗಳು ನಾಟಕ ಕಂಪನಿಯೊಂದನ್ನು ಮುನ್ನಡೆಸಿದ ಊರು ಇದು. ಆದರೂ ಕಂಪನಿ ನಾಟಕದಲ್ಲಿ ಬಣ್ಣ ಹಚ್ಚುವ ಹೆಂಗಸರ ವಿಷಯದಲ್ಲಿ ನಮ್ಮ ಮನೆಗಳ ಪಡಸಾಲೆಗಳಲ್ಲಿ ಆಡುತ್ತಿದ್ದ ಮಾತುಗಳನ್ನು ನಾನು ಚಿಕ್ಕಂದಿನಲ್ಲಿ ಕಿವಿಯಾರೆ ಕೇಳಿದ್ದೇನೆ. ಅವರ ಅಭಿನಯವನ್ನು ಅವರ ನಡತೆಯಿಂದ ಬೇರ್ಪಡಿಸಿ ನೋಡೋಣ ಎಂದು ಯಾವ ಹಿರಿಯರೂ ಹೇಳಲಿಲ್ಲ. ಯಾರ ತಂಟೆಗೂ ಹೋಗದ ನಟಿಯ ಗುಣವನ್ನು ಟಿಕೆಟ್ ಕೊಂಡು ನಾಟಕ ನೋಡಿದವರೇ ತೂಗಿದರು. ದೂರು ಹೊತ್ತ ಗಂಡಸಿನ ವಿಷಯ ಬಂದಾಗ ತಕ್ಕಡಿಯನ್ನೇ ಒಳಗಿಟ್ಟರು.

ಸಮಾರಂಭದಿಂದ ಬಂದು ಗೆಳತಿಗೆ ಫೋನ್ ಮಾಡಿದೆ. ಈಗ ಅವಳು ಹಿರಿಯೂರಿನಲ್ಲಿದ್ದಾಳೆ. ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಬರಿ ಎಂದಳು. ಅವಳ ಹಾರ್ಮೋನಿಯಂ ಮಂಚದ ಕೆಳಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿರುವುದನ್ನು ನಾನು ಹೋದಾಗಲೆಲ್ಲ ನೋಡಿದ್ದೇನೆ. ಎರಡು ಮನೆ ಬದಲಿಸಿದರೂ ಅದನ್ನು ಮಾರಿಲ್ಲ, ತೆರೆದೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು, "ಆ ಹಾಡು ಹಾಡಿದರಾ?" ಹಾಡಿದರು ಎಂದೆ. "ಪಲ್ಲವಿಯ ಕೊನೆಗೆ ಆ ಕೋಮಲ ನಿಷಾದ ಈಗಲೂ ನಿಲ್ಲುತ್ತಾ?"

ಆ ಸ್ವರ ಈಗಲೂ ನಿಲ್ಲುತ್ತದೆ ಎಂದೆ. ಸುಳ್ಳು ಹೇಳಲಾಗಲಿಲ್ಲ. ಕಲೆಯನ್ನು ಕಲಾವಿದನಿಂದ ಬೇರ್ಪಡಿಸುವ ಅಧಿಕಾರ ಈ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ಅವಳೊಬ್ಬಳಿಗೆ. ಅವಳು ಅದನ್ನು ಅಷ್ಟು ನೋವಿನಲ್ಲಿ, ಅಷ್ಟು ಪ್ರಾಮಾಣಿಕವಾಗಿ ಮಾಡುತ್ತಿದ್ದಾಳೆ. ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು ಆ ಅಧಿಕಾರವನ್ನು ಅವಳನ್ನು ಒಂದು ಮಾತೂ ಕೇಳದೆ ತೆಗೆದುಕೊಂಡರು.

ಇದೇ ಸಂಸ್ಥೆಯವರು ಮುಂದಿನ ತಿಂಗಳು ಪದವಿಪೂರ್ವ ಕಾಲೇಜಿನ ಹುಡುಗಿಯರಿಗಾಗಿ ಮೇಷ್ಟ್ರಿಂದ ಎರಡು ದಿನದ ಗಾಯನ ಕಾರ್ಯಾಗಾರ ಏರ್ಪಡಿಸಿದ್ದಾರೆ. ಅದನ್ನು ಬೇರೆಯವರಿಂದ ನಡೆಸಿ, ಬೇಕಿದ್ದರೆ ಮೇಷ್ಟ್ರ ಗೀತೆಗಳನ್ನೇ ಕಲಿಸಿ ಎಂದು ಇಂದು ಬೆಳಿಗ್ಗೆ ಪತ್ರ ಬರೆದು ಕೊಟ್ಟು ಬಂದಿದ್ದೇನೆ. ಕಾರ್ಯದರ್ಶಿಗಳು ಓದಿ, ಮಡಚಿ, ಜೇಬಿಗಿಟ್ಟುಕೊಂಡರು. ನಾನು ಪಾಠ ಮಾಡುವ ಕಾಲೇಜಿನಿಂದ ಹನ್ನೊಂದು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ನಾಳೆ ಅವರನ್ನೂ ಅವರ ತಾಯಂದಿರನ್ನೂ ಕೂರಿಸಿಕೊಂಡು ಇಲ್ಲಿ ಬರೆದದ್ದನ್ನೆಲ್ಲ ಹೇಳುತ್ತೇನೆ. ಪಟ್ಟಿ ನನ್ನ ಬಳಿಯೇ ಇದೆ. ಅದನ್ನು ಕಳಿಸುವುದಿಲ್ಲ.