ಗಂಡು ಸ್ವಾಮಿ, ಅದು ಗಂಡು!

ಹೊಟ್ಟೆ ಉಬ್ಬಿದ್ದು ಗಂಡು. ಎಷ್ಟು ಸಲ ಹೇಳಲಿ?

ಮೀನಿನ ಮ್ಯೂಸಿಯಂನಿಂದ ಮನೆಗೆ ಬಂದು ಎರಡು ಗಂಟೆಯಾಯಿತು, ಎರಡು ಲೋಟ ಕಾಫಿಯಾಯಿತು, ತಲೆ ತಣ್ಣಗಾಗಿಲ್ಲ. ಕಣ್ಣು ಮುಚ್ಚಿದರೆ ಅದೇ ಗಾಜಿನ ಬಾಟಲಿ. ಒಳಗೆ ಹೆಬ್ಬೆರಳುದ್ದದ ಸಮುದ್ರ ಕುದುರೆ, ಬಣ್ಣ ಬಿಟ್ಟು ಒಣಶುಂಠಿ ತುಂಡಿನ ಹಾಗಾಗಿದೆ. ಮೇಲೆ ಚೀಟಿ: 'ಸಮುದ್ರ ಕುದುರೆ, ಗರ್ಭಿಣಿ ಹೆಣ್ಣು'.

ಸುಮ್ನೆ ಮುಂದಿನ ಮೀನು ನೋಡೋಕೆ ಹೋಗಬಹುದಿತ್ತು. ಹೋಗಲಿಲ್ಲ. ಕುರ್ಚಿಯಲ್ಲಿದ್ದ ಸಿಬ್ಬಂದಿಗೆ ಮೆಲ್ಲಗೇ ಹೇಳಿದೆ. "ಸಾರ್, ಇದು ತಪ್ಪು. ಇವುಗಳಲ್ಲಿ ಬಸಿರಾಗೋದು ಗಂಡು. ಹೆಣ್ಣು ಮೊಟ್ಟೆಗಳನ್ನ ಗಂಡಿನ ಹೊಟ್ಟೆಯ ಚೀಲದೊಳಗೆ ಇಟ್ಟು ಹೋಗುತ್ತೆ. ಮರಿ ಹೊರಗೆ ಬರೋವರೆಗೂ ಅವನೇ ಹೊರಬೇಕು."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಣ್ಣು ನನ್ನ ಹೊಟ್ಟೆಯ ಹತ್ತಿರ ನಿಂತಿತು.

"ನಿಮಗೆ ಎಷ್ಟನೇ ತಿಂಗಳು ಸಾರ್?"

ಹಿಂದೆ ಯಾವುದೋ ಶಾಲೆಯ ಮಕ್ಕಳ ಸಾಲು. ಮೊದಲು ನಕ್ಕಿದ್ದು ಅವರ ಮೇಷ್ಟ್ರು. ಮೇಷ್ಟ್ರು! ಆಮೇಲೆ ಮಕ್ಕಳು. ಕೊನೆಗೆ ನನ್ನ ಹೆಂಡತಿ, ಬಾಯಿಗೆ ಸೆರಗು ಅಡ್ಡ ಹಿಡಿದು. ಎಷ್ಟನೇ ತಿಂಗಳಂತೆ. ತಿರುಗೇಟು ಹೊಳೆದಿದ್ದು ವಾಪಸ್ ಬರುವಾಗ ಬಸ್ಸಿನಲ್ಲಿ. ಅದೂ ಅಷ್ಟೇನು ಚೆನ್ನಾಗಿಲ್ಲ.

ಮೊಬೈಲಿನಲ್ಲಿ ತೋರಿಸೋಣ ಅಂದರೆ ಆ ಹಾಲ್‌ನಲ್ಲಿ ನೆಟ್‌ವರ್ಕ್ ಇಲ್ಲ. ಫೋನ್ ಎತ್ತಿ ಹಿಡಿದುಕೊಂಡು ತಿಮಿಂಗಿಲದ ಎಲುಬುಗಳ ಕೆಳಗೆ ಅತ್ತಿಂದಿತ್ತ ಓಡಾಡಿದೆ. ಅದಕ್ಕೂ ನಕ್ಕರು.

ಹೋಗಲಿ ಬಿಡಿ. ಒಂದು ಚೀಟಿ ತಾನೇ? ನಾನೇನು ಪ್ರಾಣಿಶಾಸ್ತ್ರ ಓದಿದವನಾ? ಬಿ.ಕಾಂ., ಅದೂ ಎರಡನೇ ಸಲಕ್ಕೆ ಪಾಸು. ಯಾರ ಹೊಟ್ಟೆಯಲ್ಲಿ ಯಾರ ಮರಿ ಇದ್ದರೆ ನನಗೇನು?

ಅಲ್ಲ, ಹೇಗೆ ಬಿಡೋದು? 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗೆ 2001ರಲ್ಲೇ ಈ ಪ್ರಾಣಿಯನ್ನು ಸೇರಿಸಿದ್ದಾರೆ. ಹಿಡಿದರೆ ಕೇಸು, ಮಾರಿದರೆ ಕೇಸು. ಗಂಡನ್ನ ಹೆಣ್ಣು ಅಂತ ಬರೆದರೆ ಮಾತ್ರ ಕೇಳೋರಿಲ್ಲ! ಇವತ್ತು ಸಾಲಿನಲ್ಲಿದ್ದ ಅಷ್ಟೂ ಮಕ್ಕಳು ಅದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡರು, ಗೊತ್ತಾ?

ಇಲ್ಲಿ ಜೀವಶಾಸ್ತ್ರ ಓದಿದವರು ಯಾರಾದರೂ ಇದ್ದರೆ ಒಂದು ಸಾಲು ಬರೀರಪ್ಪಾ. ಒಬ್ಬರಾದರೂ. ಮನೆಯಲ್ಲಿ ತೋರಿಸಬೇಕು.

ಪುಣ್ಯಕ್ಕೆ ಪಕ್ಕದ ತೊಟ್ಟಿಯ ಕ್ಲೌನ್ ಮೀನಿನ ಬಗ್ಗೆ ಬಾಯಿ ಬಿಡಲಿಲ್ಲ. ಅವುಗಳಲ್ಲಿ ಹೆಣ್ಣು ಸತ್ತರೆ ಜೊತೆಯ ಗಂಡೇ ಹೆಣ್ಣಾಗುತ್ತೆ. ಅದನ್ನೂ ಹೇಳಿದ್ದರೆ ಮುಗೀತು ನನ್ನ ಕಥೆ.

ಅಡುಗೆಮನೆಯಿಂದ ಈಗ ಕೇಳುತ್ತಿದ್ದಾಳೆ, ರಾತ್ರಿಗೆ ಮಾವಿನಕಾಯಿ ಚಿತ್ರಾನ್ನ ಮಾಡ್ಲಾ, ಹುಳಿ ಬಯಕೆ ಏನಾದ್ರೂ ಇದೆಯಾ ಅಂತ.