ನನ್ನ ಡಿಸ್ಕಿನ ಮೇಲೆ ಬರೆಯಲು ನಿಮಗೆ ಹೇಳಿದವರು ಯಾರು?

ಹಾಳಾದ ಲ್ಯಾಪ್‌ಟಾಪಿನಿಂದ ಹಳೆಯ ಫೈಲುಗಳನ್ನು ತೆಗೆದುಕೊಡಿ ಎಂದು ಯಾರ ಬಳಿಯಾದರೂ ಹೋಗಿ ನೋಡಿ. ಎಲ್ಲರ ಕೈಯೂ ಮೊದಲು ಓಡುವುದು ಅಳಿಸುವ ಕಡೆಗೆ, ಇಲ್ಲವೇ ತಿದ್ದುವ ಕಡೆಗೆ. ಮೊದಲು ಒಂದು ನಕಲು ತೆಗೆದಿಟ್ಟುಕೊಳ್ಳೋಣ ಎನ್ನುವ ಒಬ್ಬನೇ ಒಬ್ಬ ಪುಣ್ಯಾತ್ಮನೂ ಸಿಗುವುದಿಲ್ಲ. ಈ ವಿಷಯದಲ್ಲಿ ನನಗೆ ಬಂದಿರುವ ಸಿಟ್ಟು ಸಣ್ಣದಲ್ಲ.

ನನ್ನ ಲ್ಯಾಪ್‌ಟಾಪ್ ಒಂದು ದಿನ ಆನ್ ಆಗಲಿಲ್ಲ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಸ್ಪಷ್ಟವಾಗಿ ಹೇಳಿದ್ದೆ: ಯಂತ್ರ ಹೋದರೆ ಹೋಗಲಿ, ನನಗೆ ಬೇಕಿರುವುದು ಒಳಗಿರುವ ಫೈಲುಗಳು ಮಾತ್ರ. ಮಗಳ ಮೊದಲ ವರ್ಷದ ಫೋಟೊಗಳು ಅದರಲ್ಲಿದ್ದವು. ಅಪ್ಪ ಕಣ್ಣು ಮಂಜಾಗುವ ಮುಂಚೆ ತಾವೇ ಕುಳಿತು ಒಂದೊಂದೇ ಅಕ್ಷರ ಒತ್ತಿ ಬರೆದಿದ್ದ ಬದುಕಿನ ನೆನಪುಗಳಿದ್ದವು. ಪ್ರತಿ ಅಧ್ಯಾಯವನ್ನೂ ಅವರು ನಾಲ್ಕಾರು ಬಾರಿ ತಿದ್ದುತ್ತಿದ್ದರು. ತಿದ್ದಿದ ಪ್ರತಿಗೆ ‘ಹೊಸದು’, ‘ಹೊಸದು 2’, ‘ಇದೇ ಕೊನೆಯದು’ ಎಂದು ಹೆಸರಿಟ್ಟು ಪಕ್ಕದಲ್ಲೇ ಇಡುತ್ತಿದ್ದರು. ಲ್ಯಾಪ್‌ಟಾಪ್ ಮರಳಿ ಬಂದಾಗ ಸಿಕ್ಕಿದ್ದು ಒಂದೇ ಸಾಲಿನ ಉತ್ತರ: ಡಿಸ್ಕ್ ಸತ್ತಿದೆ, ಏನೂ ಸಿಗುವುದಿಲ್ಲ. ಅದಕ್ಕೊಂದು ಪರಿಶೀಲನಾ ಶುಲ್ಕ ಬೇರೆ.

ಸತ್ತಿರಲಿಲ್ಲ. ಹಿಂಬದಿಯ ಮುಚ್ಚಳ ಬಿಚ್ಚಿ, ಎರಡೂವರೆ ಇಂಚಿನ ಆ ಡಿಸ್ಕನ್ನು ಹೊರಗೆಳೆದು, ಡಿಸ್ಕಿನ ಸಾಟಾ ಕೊಂಡಿಯನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಹಾಕಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಡೇಟಾ ಹೊತ್ತ ಒಳಗಿನ ತಟ್ಟೆಗಳು ತಿರುಗುತ್ತಿರುವುದು ಕೈಗೇ ಗೊತ್ತಾಗುತ್ತಿತ್ತು. ಆದರೆ ಪರದೆಯ ಮೇಲೆ ಮೂಡಿದ್ದೇನು? ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ. ಅದರ ಕೆಳಗೆ ‘ಫಾರ್ಮ್ಯಾಟ್’ ಎಂಬ ಗುಂಡಿ ಮೊದಲಿಗೆ, ‘ರದ್ದು’ ಎಂಬುದು ಅದರ ನಂತರ.

ಈ ಸಂದೇಶವನ್ನು ಬರೆದವರಿಗೆ ಏನೆನ್ನಬೇಕೋ ತಿಳಿಯದು. ಡಿಸ್ಕಿನಲ್ಲಿ ಏನಿದೆ ಎಂದು ಕಂಪ್ಯೂಟರಿಗೆ ಓದಲಾಗುತ್ತಿಲ್ಲ, ಅಷ್ಟೇ. ಓದಲಾಗದಿದ್ದರೆ ‘ನನಗೆ ಓದಲಾಗುತ್ತಿಲ್ಲ’ ಎಂದು ಹೇಳಬೇಕು. ಅದನ್ನು ಬಿಟ್ಟು, ನಿನ್ನದೆಲ್ಲವನ್ನೂ ಒರೆಸಿಹಾಕಲೇ ಎಂದು ಕೇಳುವುದು ಯಾವ ನ್ಯಾಯ? ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ, ಫೈಲುಗಳ ಪಟ್ಟಿ ಎಲ್ಲಿದೆ ಎಂದು ತಿಳಿಸುವ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿಯನ್ನು ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಆ ವಿಭಾಗದ, ಕಟ್ಟಕಡೆಯಲ್ಲಿ ಇಟ್ಟಿರುತ್ತಾರೆ. ಮೊದಲನೆಯದು ಕೆಟ್ಟರೆ ಬೇಕಾಗುತ್ತದೆ ಎಂದೇ ಅದನ್ನು ಅಲ್ಲಿಟ್ಟಿರುವುದು. ಆ ಪ್ರತಿಯ ಬಗ್ಗೆ ಈ ಸಂದೇಶದಲ್ಲಿ ಒಂದು ಅಕ್ಷರವಿಲ್ಲ. 2007ರಲ್ಲಿ ಬಂದ ವಿಸ್ಟಾ ಆವೃತ್ತಿಯಿಂದೀಚೆಗೆ ವಿಂಡೋಸಿನಲ್ಲಿ ಪೂರ್ಣ ಫಾರ್ಮ್ಯಾಟ್ ಮಾಡಿದರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯಲಾಗುತ್ತದೆ. ಆಮೇಲೆ ಯಾರು ಬಂದರೂ ಏನನ್ನೂ ಹೊರತೆಗೆಯಲಾರರು. ಗಾಬರಿಯಲ್ಲಿರುವ ಮನುಷ್ಯನ ಮುಂದೆ ಇಂಥ ಗುಂಡಿಯನ್ನು ತಂದಿಡುತ್ತಾರಲ್ಲ!

ಸಲಹೆ ಕೊಡುವವರ ಕಥೆ ಇನ್ನೂ ಘೋರ. ಡಿಸ್ಕನ್ನು ಫ್ರೀಜರಿನಲ್ಲಿಡಿ ಎಂದು ಇಂದಿಗೂ ಹೇಳುವವರಿದ್ದಾರೆ. ಹೊರತೆಗೆದ ಕೂಡಲೇ ತಣ್ಣಗಿನ ಲೋಹದ ಮೇಲೆ ನೀರಿನ ಹನಿ ಕಟ್ಟುತ್ತದೆ. ತಿರುಗುವ ತಟ್ಟೆಗೂ ಅದರ ಮೇಲೆ ತೇಲುತ್ತಾ ಓದುವ ಹೆಡ್‌ಗೂ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರ್. ಅಲ್ಲಿ ತೇವ ಸೇರಿದರೆ ಗತಿಯೇನು? ಇನ್ನು ಕೆಲವು ರಿಕವರಿ ತಂತ್ರಾಂಶಗಳು ‘ಉಚಿತ’ ಎಂದು ಕರೆಯುತ್ತವೆ. ಗಂಟೆಗಟ್ಟಲೆ ಹುಡುಕಿ, ಮಗಳ ಮುಖವಿರುವ ಪುಟ್ಟ ಪುಟ್ಟ ಚಿತ್ರಗಳನ್ನು ಸಾಲಾಗಿ ತೋರಿಸಿ, ‘ಉಳಿಸು’ ಎಂದು ಒತ್ತಿದಾಗಷ್ಟೇ ಹಣ ಕೇಳುತ್ತವೆ. ಕೆಲಸಕ್ಕೆ ಕೂಲಿ ಕೇಳುವುದು ತಪ್ಪಲ್ಲ, ಮೊದಲೇ ಹೇಳಿ ಕೇಳಲಿ. ಮುಖ ತೋರಿಸಿ ಆಮೇಲೆ ಕೈಚಾಚುವುದು ಒತ್ತೆ ಇಟ್ಟುಕೊಂಡಂತೆ.

ಬ್ಯಾಕಪ್ ಏಕೆ ಇಟ್ಟಿರಲಿಲ್ಲ ಎಂದು ಉಪದೇಶ ಮಾಡುವವರಿಗೂ ಒಂದು ಮಾತು. ಮನೆಗೆ ಬೆಂಕಿ ಬಿದ್ದಾಗ ನೀರು ತರಬೇಕೇ ಹೊರತು ಬಾವಿ ಏಕೆ ತೋಡಿಸಿರಲಿಲ್ಲ ಎಂದು ಕೇಳುತ್ತಾ ನಿಲ್ಲಬಾರದು.

ಮಾಡಬೇಕಾದ ಕೆಲಸ ನಿಜಕ್ಕೂ ಇಷ್ಟೇ. ಡಿಸ್ಕಿಗೆ ಏನನ್ನೂ ಬರೆಯದೆ, ಅದರಲ್ಲಿರುವುದನ್ನು ಸೆಕ್ಟರ್ ಸೆಕ್ಟರಾಗಿ, ಅಂದರೆ ಚೂರು ಚೂರಾಗಿ ಇದ್ದ ಹಾಗೆಯೇ, ಇನ್ನೊಂದು ಡಿಸ್ಕಿಗೆ ನಕಲು ಮಾಡಬೇಕು. ಇದಕ್ಕೆಂದೇ ಡಿಡಿರೆಸ್ಕ್ಯೂ ಎಂಬ ಸ್ವತಂತ್ರ ತಂತ್ರಾಂಶವಿದೆ. ಅದು ಸಲೀಸಾಗಿ ಓದಬಹುದಾದ ಭಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ತೊಂದರೆ ಕೊಡುವ ಜಾಗಗಳನ್ನು ಗುರುತು ಹಾಕಿಟ್ಟು, ಕೊನೆಯಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಡುವೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆಮೇಲಿನ ಪ್ರಯೋಗಗಳೆಲ್ಲ ಆ ನಕಲಿನ ಮೇಲೆ. ನಾನು ಮಾಡಿದ್ದೂ ಅದನ್ನೇ. ಟೆಸ್ಟ್‌ಡಿಸ್ಕ್ ಎಂಬ ಇನ್ನೊಂದು ಉಚಿತ ತಂತ್ರಾಂಶವು ನಕಲಿನ ಕೊನೆಯಲ್ಲಿದ್ದ ಬೂಟ್ ಸೆಕ್ಟರಿನ ಪ್ರತಿಯನ್ನು ಹುಡುಕಿಕೊಟ್ಟಿತು. ಫೋಲ್ಡರುಗಳು ತೆರೆದುಕೊಂಡವು. ಮಗಳ ಫೋಟೊಗಳು ಬಹುಪಾಲು ತಮ್ಮ ತಮ್ಮ ಹೆಸರು, ದಿನಾಂಕಗಳೊಂದಿಗೆ ಬಂದವು.

ಅಪ್ಪನ ಫೋಲ್ಡರ್ ಮಾತ್ರ ಖಾಲಿ. ಅದಿದ್ದ ಡ್ರೈವನ್ನು ತೆರೆದ ಕೂಡಲೇ ಕಾಣುವ ಮೊದಲ ಹಂತದಲ್ಲಿ ನಾನು ಎಂದೂ ಮಾಡದಿದ್ದ ಒಂದು ಫೋಲ್ಡರಿತ್ತು: ‘ಫೌಂಡ್.000’. ಗೊತ್ತಿರುವವರಿಗೆ ಇದು ಏನೆಂದು ಹೇಳಬೇಕಾಗಿಲ್ಲ. ವಿಂಡೋಸಿನಲ್ಲೇ ಇರುವ ಚೆಕ್‌ಡಿಸ್ಕ್ ಎಂಬ ರಿಪೇರಿ ಸಾಧನವನ್ನು ಓಡಿಸಿದಾಗ, ಯಾವ ಫೋಲ್ಡರಿಗೆ ಸೇರಿದ್ದು ಎಂದು ಅದಕ್ಕೆ ತಿಳಿಯದ ಫೈಲುಗಳನ್ನು ಹೆಸರು ಕಿತ್ತುಹಾಕಿ ಇದರಲ್ಲಿ ತುಂಬುತ್ತದೆ. ಅದು ಫೈಲ್ ವ್ಯವಸ್ಥೆಯನ್ನು ಸರಿಪಡಿಸುವ ಸಾಧನ, ಫೈಲುಗಳನ್ನು ಕಾಪಾಡುವ ಸಾಧನವಲ್ಲ. ಸರಿಪಡಿಸಬೇಕೆಂದರೆ ಡಿಸ್ಕಿನ ಮೇಲೆ ಬರೆಯಲೇಬೇಕು. ಕೊನೆಯುಸಿರೆಳೆಯುತ್ತಿರುವ ಡಿಸ್ಕಿನ ಮೇಲೆ, ನಕಲಿಲ್ಲದೆ, ಅದನ್ನು ಓಡಿಸಬಾರದು. ಫೋಲ್ಡರ್ ಹುಟ್ಟಿದ ದಿನಾಂಕ ನೋಡಿದೆ. ಆ ದಿನ ಲ್ಯಾಪ್‌ಟಾಪ್ ಸರ್ವಿಸ್ ಸೆಂಟರಿನಲ್ಲಿತ್ತು.

ಅಂದರೆ ಇವರು ನನ್ನನ್ನು ಒಂದು ಮಾತೂ ಕೇಳದೆ ಡಿಸ್ಕ್ ಬಿಚ್ಚಿ, ತಮ್ಮ ಯಂತ್ರಕ್ಕೆ ಹಾಕಿ, ರಿಪೇರಿ ಓಡಿಸಿ, ಇದ್ದುದನ್ನೂ ಕಲಸಿಹಾಕಿ, ಆಮೇಲೆ ‘ಸತ್ತಿದೆ’ ಎಂದು ಕೈತೊಳೆದುಕೊಂಡಿದ್ದಾರೆ. ಫೋನ್ ಮಾಡಿ ಕೇಳಿದರೆ, ಡೇಟಾ ನಷ್ಟಕ್ಕೆ ನಾವು ಹೊಣೆಯಲ್ಲ ಎಂಬ ಸಾಲಿನ ಕೆಳಗೆ ನೀವೇ ಸಹಿ ಮಾಡಿದ್ದೀರಿ ಎಂಬ ಉತ್ತರ. ಡಿಸ್ಕ್ ತಾನಾಗಿಯೇ ಕೆಟ್ಟರೆ ಹೊಣೆಯಲ್ಲ ಎನ್ನಿ, ಒಪ್ಪುತ್ತೇನೆ. ನೀವೇ ಕೈಯಾರೆ ಕೆಡಿಸಲು ನಾನು ಎಲ್ಲಿ ಸಹಿ ಮಾಡಿದ್ದೇನೆ?

ಈಗ ನನ್ನ ಮುಂದಿರುವುದು ‘ಫೈಲ್0000.ಸಿಎಚ್‌ಕೆ’, ‘ಫೈಲ್0001.ಸಿಎಚ್‌ಕೆ’ ಎಂಬ ಉದ್ದನೆಯ ಸಾಲು. ಪ್ರತಿಯೊಂದನ್ನೂ ತೆರೆದು ಮೊದಲ ಎರಡು ಅಕ್ಷರ ನೋಡಬೇಕು. ‘ಪಿಕೆ’ ಎಂದಿದ್ದರೆ ಅದು ಈಚಿನ ವರ್ಡ್ ಕಡತ ಇರಬಹುದು, ಜಿಪ್ ಕೂಡ ಇರಬಹುದು. ಹೆಸರಿನ ಬಾಲವನ್ನು, ಅಂದರೆ ಚುಕ್ಕೆಯ ನಂತರದ ಭಾಗವನ್ನು, ಬದಲಿಸಿ ತೆರೆದು ನೋಡಿದರೇ ಗೊತ್ತಾಗುವುದು. ಅಪ್ಪ ಶಾಲೆಗೆ ಹೋಗಲು ಹೊಳೆ ದಾಟುತ್ತಿದ್ದ ಪ್ರಸಂಗ ಮೂರು ರೂಪಗಳಲ್ಲಿ ಸಿಕ್ಕಿದೆ. ಒಂದರಲ್ಲಿ ದೋಣಿಯವನ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ‘ಇದೇ ಕೊನೆಯದು’ ಯಾವುದು? ಆ ಹೆಸರುಗಳೇ ಉಳಿದಿಲ್ಲ. ಅಪ್ಪನನ್ನು ಕೇಳೋಣವೆಂದರೆ ಈಗ ಅವರಿಲ್ಲ.

ಇನ್ನು ಮುಂದಿನ ಲ್ಯಾಪ್‌ಟಾಪುಗಳಲ್ಲಿ ಬಿಚ್ಚಿ ತೆಗೆಯುವ ಡಿಸ್ಕೂ ಇರುವುದಿಲ್ಲವಂತೆ ಎಂದು ಹೇಳಬೇಕಾದ ಸ್ಥಿತಿಯೂ ದಾಟಿಹೋಗಿದೆ. ಹಲವು ಮಾದರಿಗಳಲ್ಲಿ ಸಂಗ್ರಹದ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಅಂಥದ್ದನ್ನು ಇಂಥವರ ಕೈಗೆ ಕೊಡುವವರ ಪಾಡನ್ನು ನೆನೆದರೇ ಹೊಟ್ಟೆ ಉರಿಯುತ್ತದೆ.

ಫೋಲ್ಡರಿನ ದಿನಾಂಕ ಕಾಣುವ ಚಿತ್ರವನ್ನೂ, ನನಗೆ ಕೊಟ್ಟ ರಸೀದಿಯನ್ನೂ ಸೇರಿಸಿ ಸರ್ವಿಸ್ ಸೆಂಟರಿಗೆ ಲಿಖಿತ ದೂರು ಕಳುಹಿಸಿದ್ದೇನೆ. ರಿಪೇರಿ ಓಡಿಸಿದವರು ಯಾರು, ಯಾರ ಅನುಮತಿಯಿಂದ ಎಂದು ಬರವಣಿಗೆಯಲ್ಲೇ ಉತ್ತರ ಕೊಡಬೇಕು. ಪರಿಶೀಲನಾ ಶುಲ್ಕವನ್ನೂ ಹಿಂದಿರುಗಿಸಬೇಕು. ಕೊಡುವವರೆಗೆ ನಾನು ಬಿಡುವುದಿಲ್ಲ.