ಮೋಡ ನೋಡಿ ಸೈಕಲ್ ಏರು

ಬೆಳಿಗ್ಗೆ ಏಳೂವರೆಗೆ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತು ಆಕಾಶ ನೋಡುತ್ತೇನೆ. ಕೆಳಗೆ ಮೆಟ್ಟಿಲ ಪಕ್ಕ ಒರಗಿಸಿಟ್ಟ ಸೈಕಲ್ಲು ನನ್ನನ್ನೇ ನೋಡುತ್ತಿರುತ್ತದೆ. ಗಿರಿನಗರದಿಂದ ರಿಚ್ಮಂಡ್ ಸರ್ಕಲ್ ಹತ್ತಿರದ ಆಫೀಸಿಗೆ ಏಳೆಂಟು ಕಿಲೋಮೀಟರ್. ಸೈಕಲ್ಲೋ, ಬಸ್ಸೋ? ಈ ಒಂದು ಪ್ರಶ್ನೆಗೆ ದಿನಾ ಇಪ್ಪತ್ತು ನಿಮಿಷ ಹೋಗುತ್ತದೆ. ಅಷ್ಟು ಹೊತ್ತಿಗೆ ಸೈಕಲ್ಲಿನಲ್ಲಿ ಮಿನರ್ವ ಸರ್ಕಲ್ ಹತ್ತಿರ ಇರುತ್ತಿದ್ದೆ.

ತೊಂದರೆ ಏನೆಂದರೆ, ಮೇ ತಿಂಗಳಲ್ಲಿ ಬೆಂಗಳೂರಿನ ಬೆಳಗಿನ ಆಕಾಶ ಶುದ್ಧ ಸುಳ್ಳುಗಾರ. ಅದನ್ನು ನೋಡಿ ಸಂಜೆಯ ಮಳೆ ಹೇಳುವುದು, ಹುಡುಗನ ಜಾತಕ ನೋಡಿ ಅವನು ಗೊರಕೆ ಹೊಡೀತಾನಾ ಅಂತ ಹೇಳಿದ ಹಾಗೆ. ದಿನವಿಡೀ ನೆಲ ಕಾಯುತ್ತದೆ, ಬಿಸಿ ಗಾಳಿ ತೇವ ಹೊತ್ತು ಮೇಲೇರುತ್ತದೆ, ನಾಲ್ಕು ಗಂಟೆಗೆ ಮೋಡ ಗುಡ್ಡೆ ಹಾಕಿಕೊಳ್ಳುತ್ತದೆ. ಆಮೇಲೆ ಅದು ಕಾಯುವುದು ಐದೂವರೆಗೆ. ಅಂದರೆ ನಾನು ಪಂಚ್ ಮಾಡಿ ಹೊರಗೆ ಬರುವುದಕ್ಕೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆಚೆ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುತ್ತದೆ. ಅದರ ಬಳಗದವರು ನಾವು. 2007ರಲ್ಲಿ ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಸಿಕ್ಕಿತು. ಪುಸ್ತಕಕ್ಕೆ ಪ್ಲಾಸ್ಟಿಕ್ ಚೀಲ, ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಹೊರಟೆ. ಮಳೆ ಬರುತ್ತಾ ಅಂತ ಯಾರೂ ಕೇಳುತ್ತಿರಲಿಲ್ಲ. ಬರುತ್ತಲೇ ಇರುತ್ತಿತ್ತು. ಜೂನ್ ಕೊನೆಗೆ ಆರಿದ್ರಾ ಹಿಡಿದರಂತೂ ಒಲೆ ಮೇಲೆ ನೇತುಹಾಕಿದ ಚಡ್ಡಿ ಕೂಡ ಒಣಗುತ್ತಿರಲಿಲ್ಲ. ಹೊಗೆ ವಾಸನೆಯ ಹಸಿ ಚಡ್ಡಿಯಲ್ಲೇ ನಾನು ಬೀಜಗಣಿತ ಕಲಿತದ್ದು.

ಈಗ ನನ್ನ ಫೋನಿನಲ್ಲಿ ಮೂರು ಹವಾಮಾನ ಆ್ಯಪ್‌ಗಳಿವೆ. ಒಂದು ಬಿಸಿಲು ಅನ್ನುತ್ತದೆ, ಒಂದು ಗುಡುಗು ಅನ್ನುತ್ತದೆ. ಮೂರನೆಯದು ನಲವತ್ತು ಪರ್ಸೆಂಟ್ ಮಳೆ ಅನ್ನುತ್ತದೆ. ಏನು ಮಾಡೋದು, ನಲವತ್ತು ಪರ್ಸೆಂಟ್ ಸೈಕಲ್ ತೆಗೆದುಕೊಂಡು ಹೋಗೋಕೆ ಆಗುತ್ತಾ? ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ಮಳೆ ಬಂದ್ರೆ ನೆನೀತೀಯ ಮಾರಾಯ, ಅಷ್ಟೇ ಅಲ್ದನಾ? ಅದಕ್ಕೆ ಎಂತಕ್ಕೆ ಫೋನು?" ಅಂದಳು.

ಕೊನೆಗೆ ಲೆಕ್ಕಕ್ಕೆ ಕೂತೆ. ಹವಾಮಾನ ಇಲಾಖೆ ಪ್ರಕಾರ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ 'ಭಾರಿ ಮಳೆ'. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಸೈಕಲ್ ಮೇಲೆ ಬಗ್ಗಿ ಕೂತ ನಾನು, ಹೊಟ್ಟೆ ಸೇರಿಸಿದರೂ ಅರ್ಧ ಚದರ ಮೀಟರ್. ಅಂದರೆ ಸುಮಾರು 32 ಲೀಟರ್. ಎರಡು ಬಕೆಟ್! ದಿನಾ ಸ್ನಾನಕ್ಕೆ ಸುರಿದುಕೊಳ್ಳುವಷ್ಟೇ. ಇದಕ್ಕಾ ಹೆದರಿದ್ದು ಅನ್ನಿಸಿತು. ಲೆಕ್ಕದಲ್ಲಿ ಬಿಟ್ಟುಹೋಗಿದ್ದು ಎರಡು ಸಂಗತಿ. ಬೆಂಗಳೂರಿನ ಮಳೆಗೆ 24 ಗಂಟೆ ಕಾಯುವ ತಾಳ್ಮೆ ಇಲ್ಲ. 2024ರ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಬಿತ್ತು. ನೂರಕ್ಕೂ ಜಾಸ್ತಿ ವರ್ಷದಲ್ಲಿ ಜೂನ್ ತಿಂಗಳ ಯಾವ ದಿನವೂ ಅಷ್ಟು ಬಿದ್ದಿರಲಿಲ್ಲ. ಎರಡನೆಯದು, ನೀರು ಮೇಲಿಂದ ಮಾತ್ರ ಬರುವುದಿಲ್ಲ.

ನನ್ನ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲ. "ಈಗ ಯಾರೂ ಹಾಕಿಸಲ್ಲ ಸಾರ್, ಲುಕ್ ಹಾಳಾಗುತ್ತೆ" ಅಂದಿದ್ದ ಅಂಗಡಿಯವನು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಸೊಂಟದಿಂದ ಕುತ್ತಿಗೆವರೆಗೆ ನೆಟ್ಟಗೆ ಒಂದು ಕೆಸರಿನ ನಾಮ ಎಳೆಯುತ್ತದೆ. ನಾಮ ಹಾಕಿದ್ದು ಚಕ್ರವೋ ಅಂಗಡಿಯವನೋ, ಇನ್ನೂ ತೀರ್ಮಾನವಾಗಿಲ್ಲ.

ಹೋದ ವರ್ಷ ಮೇನಲ್ಲಿ ಒಂದು ಗುರುವಾರ ನಾನು ಎಲ್ಲಕ್ಕೂ ಸಿದ್ಧನಾಗಿ ಹೊರಟೆ. ರೇನ್‌ಕೋಟ್, ಅದರ ಪ್ಯಾಂಟು, ಸೀಟಿಗೆ ಕ್ಯಾರಿಬ್ಯಾಗ್. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ಎನ್.ಆರ್. ಕಾಲೊನಿ ತಲುಪುವಷ್ಟರಲ್ಲಿ ರೇನ್‌ಕೋಟಿನ ಒಳಗೇ ಮಳೆ ಶುರುವಾಗಿತ್ತು. ಗಾಳಿ ಆಡದ ಆ ಪ್ಲಾಸ್ಟಿಕ್ಕಿನಲ್ಲಿ ಬೆಂದ ಕಡುಬಿನ ಹಾಗೆ ಆಫೀಸಿಗೆ ಬಂದೆ. "ಎಲ್ಲಿ ಸಾರ್ ಮಳೆ?" ಅಂತ ಸೆಕ್ಯುರಿಟಿಯವನು ರಸ್ತೆಗೇ ಹೋಗಿ ನೋಡಿ ಬಂದ. ಸಿಟ್ಟಿನಲ್ಲಿ ರೇನ್‌ಕೋಟನ್ನು ಆಫೀಸಿನ ಕಿಟಕಿಗೆ ಒಣಗಲು ಹಾಕಿದೆ. ಸಂಜೆ ಹೊರಡುವಾಗ ಅದು ಅಲ್ಲೇ ಉಳಿಯಿತು.

ಲಾಲ್‌ಬಾಗ್ ಹತ್ತಿರ ಮೊದಲ ಹನಿ ಬಿತ್ತು. ಎರಡನೇ ಹನಿ ಇರಲಿಲ್ಲ. ನೇರ ಮಳೆಯೇ. ಬ್ರೇಕ್ ಹಿಡಿದೆ. ಒದ್ದೆ ರಿಮ್ ಮೇಲಿನ ನೀರನ್ನು ಬ್ರೇಕಿನ ರಬ್ಬರು ಮೊದಲು ಒರೆಸಬೇಕು, ಆಮೇಲೆ ಹಿಡಿತ. ನಿಲ್ಲು ಅಂದದ್ದು ಒಂದು ಕಡೆ, ನಿಂತದ್ದು ಎಳನೀರಿನ ಗಾಡಿ ಹತ್ತಿರ. ಮೆಟ್ರೋ ಸ್ಟೇಷನ್ನಿನ ಕೆಳಗೆ ಓಡಿದೆ. ಮಡಚುವ ಸೈಕಲ್ ಆದರೆ ಮೆಟ್ರೋದಲ್ಲಿ ಒಯ್ಯಬಹುದು. ನನ್ನದು ಮಡಚುವುದಿಲ್ಲ. ಅಲ್ಲಿ ನಿಂತಿದ್ದ ಮೂವತ್ತು ಬೈಕಿನವರಲ್ಲಿ ಒಬ್ಬರು "ಇನ್ನು ಹತ್ತು ನಿಮಿಷ, ನಿಲ್ಲುತ್ತೆ" ಅಂದರು. ನಲವತ್ತು ನಿಮಿಷ ಆದ ಮೇಲೂ ಅವರು ಅದನ್ನೇ ಅನ್ನುತ್ತಿದ್ದರು.

ಅಷ್ಟರಲ್ಲಿ ಒಂದು ಆಟೋ ನಿಂತಿತು. ಮೀಟರ್ ಮೇಲೆ ಒಂದೂವರೆ ಅಂದ ಚಾಲಕ ಸೈಕಲ್ ನೋಡಿ, "ಇದಕ್ಕೆ ಐವತ್ತು ಎಕ್ಸ್‌ಟ್ರಾ" ಅಂದ. ಒಪ್ಪಿದೆ. ಮುಂದಿನ ಚಕ್ರ ಬಿಚ್ಚಿ, ಸೈಕಲನ್ನು ಸೀಟಿನ ಮೇಲೆ ಅಡ್ಡ ಮಲಗಿಸಿ, ಮೇಲೆ ಚಾಲಕನ ಟಾರ್ಪಾಲು ಹೊದಿಸಿದೆವು. ಉಳಿದ ಮೂಲೆಯಲ್ಲಿ ಚಕ್ರವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು.

ಹನುಮಂತನಗರ ದಾಟಿದ ಮೇಲೆ ಒಂದು ತಗ್ಗು. ಮೊಣಕಾಲುದ್ದ ನೀರು. ನಡುವೆ ಆಟೋ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಚಾಲಕ ಹಿಂದೆ ತಿರುಗಿ, ತುಂಬ ಮರ್ಯಾದೆಯಿಂದ, "ಸಾರ್, ಒಂಚೂರು ತಳ್ತೀರಾ?" ಅಂದ.

ಇಳಿದೆ. ಒಂದು ಶೂ ನೀರಿನಲ್ಲೇ ಉಳಿಯಲು ನೋಡಿತು, ಎಳೆದುಕೊಂಡೆ. ಬಸ್ಸೊಂದು ಪಕ್ಕದಲ್ಲಿ ಹೋಗಿ ಸೊಂಟದವರೆಗೆ ಅಲೆ ಎಬ್ಬಿಸಿತು. ಕಿಟಕಿಯಲ್ಲಿದ್ದ ಮಗುವೊಂದು ನನಗೆ ಟಾಟಾ ಮಾಡಿತು. ಒಳಗೆ ಸೈಕಲ್ ಟಾರ್ಪಾಲು ಹೊದ್ದು ಬೆಚ್ಚಗೆ ಮಲಗಿತ್ತು. ಮೀಟರ್ ಓಡುತ್ತಿತ್ತು. ಒಂದೂವರೆ.

"ಬೇಜಾರು ಮಾಡ್ಕೋಬೇಡಿ ಸಾರ್," ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ಚಾಲಕ ಅಂದ, "ಸೈಕಲ್ಲಲ್ಲೇ ಬಂದಿದ್ರೆ ಇಷ್ಟೊತ್ತಿಗೆ ಮನೇಲಿ ಬಿಸಿ ಕಾಫಿ ಕುಡೀತಿದ್ರಿ."

ಮನೆ ತಲುಪಿದಾಗ ಎಂಟೂಕಾಲು. ಮಳೆ ನಿಂತಿತ್ತು. ಹೆಂಡತಿ ಬಾಗಿಲು ತೆರೆದು ನನ್ನ ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಸೈಕಲ್ಲಿನ ಸೀಟು ಮುಟ್ಟಿ ನೋಡಿದಳು.

"ರೀ, ಇದು ಒಂದು ಹನಿಯೂ ನೆಂದಿಲ್ವಲ್ಲ?"

"ಅದು ಆಟೋದಲ್ಲಿ ಬಂತು" ಅಂದೆ.